ಸಹಾಯ ಬೇಕು: ಮಧ್ಯಾವಧಿಯಲ್ಲಿ ಏಟು ತಿಂದ ಅಧ್ಯಕ್ಷರು ಮತ್ತೆ ಗೆಲ್ಲುವುದು ಹೇಗೆ?

ರಾಜ್ಯಶಾಸ್ತ್ರ ಎಂ.ಎ. ಸೆಮಿನಾರಿಗೆ ಅಮೆರಿಕದ ಮಧ್ಯಾವಧಿ ಚುನಾವಣೆಯ (ಅಧ್ಯಕ್ಷರ ನಾಲ್ಕು ವರ್ಷದ ಅವಧಿಯ ನಡುವೆ ಅಲ್ಲಿನ ಸಂಸತ್ತಿಗೆ ನಡೆಯುವ ಚುನಾವಣೆ) ವಿಷಯ ತೆಗೆದುಕೊಂಡು ಸಿಕ್ಕಿಹಾಕಿಕೊಂಡಿದ್ದೇನೆ. ಮಧ್ಯಾವಧಿಯಲ್ಲಿ ಪಕ್ಷ ಸೋತರೆ ಎರಡು ವರ್ಷಗಳ ನಂತರ ಅಧ್ಯಕ್ಷರೂ ಸೋಲುತ್ತಾರೆ ಎಂದು ಎಲ್ಲರೂ ಹೇಳುತ್ತಾರೆ. ಅಂಕಿಗಳು ಮಾತ್ರ ಉಲ್ಟಾ ಹೊಡೆಯುತ್ತಿವೆ.

2010ರಲ್ಲಿ ಒಬಾಮಾ ಅವರ ಡೆಮಾಕ್ರಟಿಕ್ ಪಕ್ಷ 435 ಸ್ಥಾನಗಳ ಕೆಳಮನೆಯಾದ ಪ್ರತಿನಿಧಿ ಸಭೆಯಲ್ಲಿ 63 ಸ್ಥಾನ ಕಳೆದುಕೊಂಡಿತು. 2012ರಲ್ಲಿ ಅವರೇ ಗೆದ್ದರು. 1994ರ ನಂತರ ಕ್ಲಿಂಟನ್ ಅವರದೂ ಅದೇ ಕಥೆ. 1990ರಲ್ಲಿ ಹಿರಿಯ ಬುಷ್ ಅವರ ರಿಪಬ್ಲಿಕನ್ ಪಕ್ಷ ಕಳೆದುಕೊಂಡದ್ದು ಬರೀ 8 ಸ್ಥಾನ, ಆದರೂ 1992ರಲ್ಲಿ ಅವರು ಮನೆಗೆ ಹೋದರು. ಇನ್ನು 2018ರಲ್ಲಿ ಪಕ್ಷ, 2020ರಲ್ಲಿ ತಾವೂ ಸೋತ ಟ್ರಂಪ್ ಅವರನ್ನು ನೋಡಿದರೆ ಹಳೆಯ ಮಾತೇ ಸರಿ ಅನ್ನಿಸುತ್ತದೆ!

ಕಳೆದುಕೊಂಡ ಸ್ಥಾನಗಳನ್ನು ಮುಂದಿನ ಫಲಿತಾಂಶದ ಪಕ್ಕದಲ್ಲಿಟ್ಟು ಪಟ್ಟಿ ಮಾಡಿದೆ, ಯಾವ ನಂಟೂ ಕಾಣಲಿಲ್ಲ. ಆಮೇಲೆ ಹೊಳೆದದ್ದು ಇದು: 1988ರಲ್ಲಿ ರಿಪಬ್ಲಿಕನ್ನರು ಗೆದ್ದದ್ದೇ 175, ಕಳೆದುಕೊಳ್ಳಲು ಹೆಚ್ಚೇನೂ ಇರಲಿಲ್ಲ. 2008ರಲ್ಲಿ ಡೆಮಾಕ್ರಟರು 257 ಗೆದ್ದಿದ್ದರು, ಅದರಲ್ಲಿ ಎದುರಾಳಿಗಳ ಕೋಟೆಯಂಥ ಕ್ಷೇತ್ರಗಳೂ ಇದ್ದವು. ಹಾಗಾದರೆ ಸ್ಥಾನಗಳ ಲೆಕ್ಕ ಅಧ್ಯಕ್ಷರ ಜನಪ್ರಿಯತೆಗಿಂತ ಹಿಂದಿನ ಗೆಲುವಿನ ಗಾತ್ರವನ್ನೇ ಹೇಳುತ್ತದೆಯೇ? ಮಾರ್ಗದರ್ಶಕರು ‘ಆರ್ಥಿಕತೆ ನೋಡಿ’ ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಸುಳ್ಳಲ್ಲ, ಆದರೆ ಆಗ ಮಧ್ಯಾವಧಿಯ ಅಧ್ಯಾಯವನ್ನೇ ಕಿತ್ತುಹಾಕಬೇಕಾಗುತ್ತದೆ.

ತಿಳಿದವರು ದಯವಿಟ್ಟು ಹೇಳಿ: ಅಧ್ಯಕ್ಷರ ಮರುಆಯ್ಕೆಯನ್ನು ಅಂದಾಜು ಮಾಡಲು ಮಧ್ಯಾವಧಿಯ ಸ್ಥಾನನಷ್ಟವನ್ನು ತೆಗೆದುಕೊಳ್ಳಬೇಕೇ, ದೇಶವ್ಯಾಪಿ ಮತಪ್ರಮಾಣವನ್ನೇ? ಅಥವಾ ಎರಡನ್ನೂ ಬಿಟ್ಟು ಚುನಾವಣಾ ವರ್ಷದ ಆರ್ಥಿಕತೆಯನ್ನೇ ಹಿಡಿಯಬೇಕೇ?