ಮೊದಲ ಸ್ನೋಬೋರ್ಡ್: ಗೆಳೆಯನ 163 ತಗೊಳ್ಳಲಾ?

ಪ್ರಶ್ನೆ: ಅಕ್ಕಾ, ನಾವು ಡೆನ್ವರಿಗೆ ಬಂದು ಎರಡು ವರ್ಷ ಆಯಿತು. ಹೋದ ಚಳಿಗಾಲದಲ್ಲಿ ಲವ್‌ಲ್ಯಾಂಡ್ ಸ್ಕೀ ಏರಿಯಾದಲ್ಲಿ ಬಾಡಿಗೆ ಬೋರ್ಡ್ ಹಾಕಿಕೊಂಡು ಹಿಮದ ಮೇಲೆ ಜಾರುವುದನ್ನು ಐದು ದಿನ ಕಲಿತೆ. ಗ್ರೀನ್ ರನ್‌ಗಳಲ್ಲಿ, ಅಂದರೆ ಅತಿ ಸುಲಭದ ಇಳಿಜಾರುಗಳಲ್ಲಿ, ಎರಡೂ ಕಡೆ ತಿರುಗಲು ಬರುತ್ತದೆ, ಬೀಳುವುದೂ ಇದ್ದೇ ಇದೆ. ಈ ಸಲ ಸ್ವಂತದ್ದು ಬೇಕು. ತೂಕ 72 ಕೆಜಿ, ಎತ್ತರ 5 ಅಡಿ 8 ಇಂಚು, ಶೂ ಸೈಜ್ 10 (ಅಮೆರಿಕದ ಗಂಡಸರ ಅಳತೆ). ಗೆಳೆಯ ತನ್ನ 163 ಸೆಂ.ಮೀ. ಉದ್ದದ ವೈಡ್ (ಹೆಚ್ಚು ಅಗಲದ) ಬೋರ್ಡನ್ನು ಬೈಂಡಿಂಗ್ (ಬೂಟನ್ನು ಬೋರ್ಡಿಗೆ ಹಿಡಿದಿಡುವ ಸಾಧನ) ಸಮೇತ 150 ಡಾಲರಿಗೆ ಕೊಡುತ್ತೇನೆ ಅಂತಿದ್ದಾನೆ. ನಿಲ್ಲಿಸಿದರೆ ಮೂಗಿನ ತನಕ ಬರುತ್ತೆ, ನಿನಗೆ ಸರಿಯಾಗಿದೆ ಅಂತಾನೆ. ನೀವು ಅಂಗಡಿಯಲ್ಲಿ ಇದೇ ಕೆಲಸ ಮಾಡುವವರು. ತಗೊಳ್ಳಲಾ?

ಉತ್ತರ: ಬೇಡ. ಗೆಳೆಯ ನಿಮಗಿಂತ ಇಪ್ಪತ್ತು ಕೆಜಿಯಾದರೂ ಜಾಸ್ತಿ ಇರಬೇಕು, ಅಲ್ವಾ? ಬೋರ್ಡನ್ನು ಬಗ್ಗಿಸುವುದು ತೂಕ, ಎತ್ತರ ಅಲ್ಲ. ಮೂಗು, ಗಲ್ಲದ ಲೆಕ್ಕ ಹಳೇ ಕಾಲದ್ದು. ಪ್ರತಿ ಮಾಡೆಲ್‌ಗೂ ಕಂಪನಿಯವರು ತೂಕದ ಪಟ್ಟಿ ಕೊಟ್ಟಿರುತ್ತಾರೆ, ಅದನ್ನು ನೋಡಿ. 72 ಕೆಜಿಗೆ ಸಾಮಾನ್ಯವಾಗಿ 153ರಿಂದ 157 ಸೆಂ.ಮೀ. ಬರುತ್ತದೆ. ಕಲಿಯುವವರಿಗೆ ಅದರಲ್ಲೂ ಗಿಡ್ಡದ್ದೇ ವಾಸಿ.

ಅಗಲ ಗೊತ್ತಾಗುವುದು ಬೂಟಿನಿಂದ. ಬೋರ್ಡ್ ಕಿರಿದಾದರೆ ಬೂಟಿನ ತುದಿ ಹಿಮಕ್ಕೆ ತಾಗಿ ಬೀಳಿಸುತ್ತದೆ. ತೀರಾ ಅಗಲವಾದರೆ ಒಂದು ಅಂಚಿನಿಂದ ಇನ್ನೊಂದಕ್ಕೆ ಹೋಗಲು ಒದ್ದಾಡಬೇಕು. ಸೈಜ್ 10ಕ್ಕೆ ನಡುವಿನ ಅಗಲ 250–256 ಮಿ.ಮೀ. ಇದ್ದರೆ ಸಾಕು.

ಅದಿರಲಿ, ಇಷ್ಟುದ್ದ ಪ್ರಶ್ನೆಯಲ್ಲಿ ಬೂಟಿನ ಮಾತೇ ಇಲ್ಲವಲ್ಲ! ದುಡ್ಡು ಮೊದಲು ಅಲ್ಲಿಗೆ ಹೋಗಲಿ. ಬೋರ್ಡನ್ನು ಇನ್ನೊಂದು ಸೀಸನ್ ಬಾಡಿಗೆಗೆ ತಂದರೂ ಪರವಾಗಿಲ್ಲ.

ಪ್ರಶ್ನೆ: ಬೂಟು ನಿನ್ನೆ ಹಾಕಿ ನೋಡಿದೆ ಅಕ್ಕ. ಸೈಜ್ 10ರಲ್ಲಿ ಬೆರಳು ಮುಂದೆ ತಾಗುತ್ತಿತ್ತು. ಹತ್ತೂವರೆ ತಗೊಳ್ಳಲಾ?

ಉತ್ತರ: ತಾಗಲಿ ಬಿಡಿ, ತಾಗಲೇಬೇಕು. ನೇರ ನಿಂತಾಗ ಬೆರಳು ಮುಂದಕ್ಕೆ ಮುಟ್ಟಬೇಕು. ಮಂಡಿ ಬಗ್ಗಿಸಿದರೆ ಒಂಚೂರು ಹಿಂದೆ ಸರಿಯಬೇಕು. ಬೆರಳು ಮಡಚಿಕೊಂಡರೆ ಮಾತ್ರ ಚಿಕ್ಕದಾಯಿತು ಅಂತ. ಒಂದೇ ಜೊತೆ ತೆಳು ಕಾಲುಚೀಲ ಹಾಕಿ, ಲೇಸು ಬಿಗಿದು, ತುದಿಗಾಲಲ್ಲಿ ನಿಲ್ಲಿ. ಹಿಮ್ಮಡಿ ಒಳಗೆ ಮೇಲೇಳುತ್ತಿದೆಯಾ? ಹಾಗಾದರೆ ಆ ಬೂಟು ಬೇಡ, ಬೇರೆ ಮಾಡೆಲ್ ಹಾಕಿ. ಅಂಗಡಿಯಲ್ಲೇ ಹದಿನೈದು ನಿಮಿಷ ಹಾಕಿಕೊಂಡು ಓಡಾಡಿ, ಯಾರೂ ಬೈಯಲ್ಲ. ಪಾದದ ಉದ್ದವನ್ನೂ ಅಳೆಸಿ. 28 ಸೆಂ.ಮೀ. ಇದ್ದರೆ ಸೈಜ್ 10 ಸರಿ.

ನನ್ನ ಮೊದಲ ಬೂಟು ಅರ್ಧ ಸೈಜ್ ದೊಡ್ಡದು. ದಪ್ಪ ಕಾಲುಚೀಲ ಹಾಕಿದರೆ ಸರಿಹೋಗುತ್ತೆ ಅಂತ ಮಾರಿದವನೇ ಹೇಳಿದ್ದ. ಎರಡು ತಿಂಗಳಲ್ಲಿ ಒಳಗಿನ ಲೈನರ್ ಇನ್ನಷ್ಟು ಸಡಿಲವಾಯಿತು. ಹಿಮ್ಮಡಿ ನಿಲ್ಲದ್ದಕ್ಕೆ ಬೈಂಡಿಂಗಿನ ಪಟ್ಟಿ ಬಿಗಿದೆ, ಬಿಗಿದಷ್ಟೂ ಪಾದ ಮರಗಟ್ಟಿತು.

ಇನ್ನೊಬ್ಬರು: ಕ್ಯಾಂಬರ್, ರಾಕರ್ ಅಂತಾರಲ್ಲ ಮೇಡಂ, ಏನು ವ್ಯತ್ಯಾಸ? ನನಗೊಂದು ಕ್ಯಾಂಬರ್ ಬೋರ್ಡಿನ ಚಿತ್ರ ತುಂಬಾ ಇಷ್ಟವಾಗಿದೆ.

ಉತ್ತರ: ಚಿತ್ರ ನೋಡಿ ಕೊಂಡವರೇ ಜಾಸ್ತಿ, ಬಿಡಿ! ಬೋರ್ಡನ್ನು ನೆಲದ ಮೇಲಿಟ್ಟು ಪಕ್ಕದಿಂದ ನೋಡಿ. ನಡು ಕಮಾನಿನ ಹಾಗೆ ಮೇಲೆದ್ದಿದ್ದರೆ ಕ್ಯಾಂಬರ್. ನಡು ನೆಲಕ್ಕೆ ತಾಗಿ ತುದಿಗಳು ದೋಣಿಯಂತೆ ಎದ್ದಿದ್ದರೆ ರಾಕರ್. ಕ್ಯಾಂಬರ್‌ಗೆ ಹಿಡಿತ ಚೆನ್ನಾಗಿದೆ, ಆದರೆ ತಪ್ಪನ್ನು ಕ್ಷಮಿಸಲ್ಲ. ಇಳಿಜಾರಿನ ಕಡೆಯ ಅಂಚು ಸಿಕ್ಕಿಹಾಕಿಕೊಂಡರೆ ಬಟ್ಟೆ ಒಗೆದ ಹಾಗೆ ನೆಲಕ್ಕೆ ಒಗೆಯುತ್ತದೆ. ಚಪ್ಪಟೆ ಅಥವಾ ಎರಡೂ ಸೇರಿದ ಹೈಬ್ರಿಡ್ ನೋಡಿ. ಗಡಸುತನ ಹತ್ತಕ್ಕೆ ಮೂರು ನಾಲ್ಕು ಇರಲಿ.

ಪ್ರಶ್ನೆ: ಬೈಂಡಿಂಗ್? ನಾನೇ ಕೂರಿಸಬಹುದಾ?

ಉತ್ತರ: ಧಾರಾಳವಾಗಿ. ಮೃದುವಾದ, ಎರಡು ಪಟ್ಟಿಯದು ತಗೊಳ್ಳಿ, ಬೂಟನ್ನು ಅದರಲ್ಲಿಟ್ಟು ನೋಡಿಯೇ ತಗೊಳ್ಳಿ. ಬರ್ಟನ್ ಕಂಪನಿ 2017ರಲ್ಲಿ ತಂದ ‘ಸ್ಟೆಪ್ ಆನ್’ ಬೈಂಡಿಂಗ್ ಪಟ್ಟಿಯಿಲ್ಲದೆ ಟಕ್ ಅಂತ ಕೂರುತ್ತದೆ, ಆದರೆ ಅದಕ್ಕೆಂದೇ ಮಾಡಿದ ಬೂಟು ಬೇಕು. ಬೋರ್ಡಿನ ಮೇಲೆ ತೂತುಗಳ ಸಾಲಿದೆಯೋ, ಉದ್ದನೆಯ ಸೀಳಿನಂಥ ಚಾನೆಲ್ ಇದೆಯೋ ನೋಡಿಕೊಳ್ಳಿ. ಬೈಂಡಿಂಗಿನ ನಡುವಿನ ತಟ್ಟೆ ಅದಕ್ಕೆ ಹೊಂದಬೇಕು.

ಯಾವ ಕಾಲು ಮುಂದೆ ಅಂತ ಬಾಡಿಗೆ ಬೋರ್ಡಿನಲ್ಲೇ ಗೊತ್ತಾಗಿರುತ್ತದೆ. ಅನುಮಾನವಿದ್ದರೆ ಕಾಲುಚೀಲ ಹಾಕಿ ಅಡುಗೆಮನೆಯ ನೆಲದ ಮೇಲೆ ಓಡಿ ಜಾರಿ ನೋಡಿ. ತಾನಾಗಿ ಮುಂದೆ ಬಂದ ಕಾಲೇ ಬೋರ್ಡಿನ ಮೇಲೂ ಮುಂದೆ. ಹೆಗಲಿಗಿಂತ ತುಸು ಅಗಲ ಬಿಟ್ಟು, ಮುಂದಿನ ಬೈಂಡಿಂಗ್ +15 ಡಿಗ್ರಿ (ಬೆರಳು ಬೋರ್ಡಿನ ಮುಂದಿನ ತುದಿಯ ಕಡೆ), ಹಿಂದಿನದು −9 ಡಿಗ್ರಿ (ಹಿಂದಿನ ತುದಿಯ ಕಡೆ) ತಿರುಗಿಸಿ ಶುರು ಮಾಡಿ. ಬೂಟು ಇಟ್ಟು ನೋಡಿ: ಬೆರಳ ಕಡೆ, ಹಿಮ್ಮಡಿ ಕಡೆ ಹೊರಗೆ ಚಾಚಿದ್ದು ಸಮ ಇರಬೇಕು. ಸ್ಕ್ರೂ ಕೈಯಿಂದಲೇ ಬಿಗಿಯಿರಿ, ಪವರ್ ಡ್ರಿಲ್ ಬೇಡ. ಸ್ಕ್ರೂ ಹಿಡಿಯುವ ಒಳಗಿನ ಲೋಹದ ಗೂಡು ಕಿತ್ತು ಬಂದ ಬೋರ್ಡುಗಳು ನನ್ನ ಮೇಜಿಗೆ ಪ್ರತಿ ಡಿಸೆಂಬರಿನಲ್ಲೂ ಬರುತ್ತವೆ. ಮೊದಲ ಎರಡು ರನ್ ಆದ ಮೇಲೆ ಮತ್ತೊಮ್ಮೆ ಬಿಗಿ ನೋಡಿ, ಜೇಬಿನಲ್ಲಿ ಸ್ಕ್ರೂಡ್ರೈವರ್ ಇರಲಿ.

ಪ್ರಶ್ನೆ: ಕೊನೇದು ಅಕ್ಕ. ಗೆಳೆಯ ಹೆಲ್ಮೆಟ್ಟೂ ಸುಮ್ನೆ ಕೊಡ್ತಾನಂತೆ.

ಉತ್ತರ: ಅದನ್ನು ಎಷ್ಟು ಸಲ ಕುಟ್ಟಿಸಿಕೊಂಡಿದ್ದಾನೋ ಯಾರಿಗೆ ಗೊತ್ತು. ಹೆಲ್ಮೆಟ್ ಹೊಸದೇ ಆಗಲಿ, ಜೊತೆಗೆ ಮಣಿಕಟ್ಟಿನ ಗಾರ್ಡ್ ಕೂಡ. ಬೋರ್ಡ್ ಮಾತ್ರ ಹಿಂದಿನ ವರ್ಷದ ಮಾಡೆಲ್ ಹುಡುಕಿ, ಚಿತ್ರ ಬಿಟ್ಟರೆ ಬಹಳ ಸಲ ಏನೂ ಬದಲಾಗಿರಲ್ಲ. ಬೂಟು ಹಾಕಿ ನೋಡಲು ಶನಿವಾರ ಬರಬೇಡಿ, ಜನ ಜಾಸ್ತಿ. ಮಂಗಳವಾರ ಬನ್ನಿ.