ಪದಚರ್ಚೆ: ಆಟದ ಹಾಳೆಗೆ ‘ಎಕ್ಸ್‌ಪೀರಿಯನ್ಸ್ ಪಾಯಿಂಟ್’, ‘ಲೆವೆಲ್’ (ತುರ್ತು)

ದಾಳಗಾರ:
ಎಲ್ಲರಿಗೂ ನಮಸ್ಕಾರ. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಉರುಳಿಸುತ್ತ ಕಥೆಯಾಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) ಆಟದ ಮೂಲ ನಿಯಮಗಳ ಕಡತ, ಎಸ್‌ಆರ್‌ಡಿ 5.1, 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಂತಲ್ಲ, ಅದನ್ನಿಟ್ಟುಕೊಂಡು ಮಕ್ಕಳ ಶಿಬಿರಕ್ಕೆ ಕನ್ನಡದಲ್ಲಿ ಪಾತ್ರದ ಹಾಳೆ ಮಾಡುತ್ತಿದ್ದೇನೆ. ನಾಳೆ ಮಧ್ಯಾಹ್ನ ಅಚ್ಚಿಗೆ ಹೋಗಬೇಕು, ಎರಡು ಚೌಕ ಇನ್ನೂ ಖಾಲಿ. ಒಂದು ಎಕ್ಸ್‌ಪಿ, ಅಂದರೆ ಎಕ್ಸ್‌ಪೀರಿಯನ್ಸ್ ಪಾಯಿಂಟ್: ಗಾಬ್ಲಿನ್ ಎಂಬ ಪುಟ್ಟ ರಾಕ್ಷಸನೊಬ್ಬನನ್ನು ಸೋಲಿಸಿದರೆ 50, ಅದನ್ನು ಗುಂಪಿನವರು ಹಂಚಿಕೊಳ್ಳಬೇಕು. ಒಬ್ಬೊಬ್ಬರ ಲೆಕ್ಕದಲ್ಲಿ 300 ಸೇರಿದರೆ ಎರಡನೇ ಲೆವೆಲ್, 900ಕ್ಕೆ ಮೂರನೆಯದು, 3,55,000ಕ್ಕೆ ಇಪ್ಪತ್ತನೆಯದು. ಇನ್ನೊಂದು ಚೌಕ ಆ ಲೆವೆಲ್ಲೇ. ಸದ್ಯಕ್ಕೆ ‘ಅನುಭವಾಂಕ’, ‘ಮಟ್ಟ’ ಎಂದು ಹಾಕಿದ್ದೇನೆ. ಚೌಕ ಕಿರಿದು, ಉದ್ದದ ಪದ ಹಿಡಿಸುವುದಿಲ್ಲ.

ಅಚ್ಚಗನ್ನಡಿಗ:
ಸವರ್ಣದೀರ್ಘ ಮಾಡಿ ಮಕ್ಕಳ ಬಾಯಿಗೆ ತುರುಕಬೇಡಿ. ‘ಪಳಗು’ ಇದೆ. ಪಳಗಿದ ಕೈ, ಪಳಗಿದ ಆನೆ. ‘ಪಳಗೆಣಿಕೆ’ ಅನ್ನಿ. ಲೆವೆಲ್ಲಿಗೆ ‘ಮೆಟ್ಟಿಲು’. ಇದರಲ್ಲಿ ಚರ್ಚಿಸುವಂಥದ್ದೇನೂ ಇಲ್ಲ.

ಕೋಶಪ್ರಿಯ:
ಇದೆ. ಹಳಗನ್ನಡದ ‘ಪೞೆಯ’ ಹೊಸಗನ್ನಡಕ್ಕೆ ಬರುವಾಗ ‘ಹಳೆಯ’ ಆಯಿತು. ಅದೇ ದಾರಿಯಲ್ಲಿ ‘ಪೞಗು’ ಕೂಡ ‘ಹಳಗು’ ಆಗಬೇಕಿತ್ತು. ಪಕಾರ ಹೇಗೆ ಉಳಿಯಿತು? ತಮಿಳಿನವರ ಬಾಯಿಂದ ಮರಳಿ ಬಂದದ್ದೆಂದು ನನ್ನ ಗುಮಾನಿ. ಅಚ್ಚಗನ್ನಡವೆಂದು ಕೊಟ್ಟ ಪದವೇ ಎರವಲಾದರೆ ತಮಾಷೆಯಲ್ಲವೆ?

ಅಚ್ಚಗನ್ನಡಿಗ:
ಹಾಲಿನ ಪಕ್ಕದಲ್ಲಿ ‘ಪಾಲು’ ಉಳಿದಿಲ್ಲವೆ? ಹಾಡಿನ ಪಕ್ಕದಲ್ಲಿ ‘ಪಾಡು’? ಅವೂ ತಮಿಳುನಾಡಿನಿಂದ ಬಸ್ಸು ಹತ್ತಿ ಬಂದವೇ? ಗುಮಾನಿಗೆ ನಿಘಂಟಿನಲ್ಲಿ ಜಾಗವಿಲ್ಲ.

ಹಳೇ ವಕೀಲ:
‘ಅನುಭವ’ವನ್ನು ಅಷ್ಟು ಬೇಗ ಓಡಿಸಬೇಡಿ. ಕ್ರಯಪತ್ರ ಬಿಡಿಸಿ ನೋಡಿ: ‘ಸದರಿ ಸ್ವತ್ತು ನನ್ನ ಸ್ವಾಧೀನಾನುಭವದಲ್ಲಿದ್ದು…’ ಅಲ್ಲಿ ಅನುಭವ ಎಂದರೆ ಕೈವಶ ಮಾಡಿಕೊಂಡು ಉಣ್ಣುವುದು. ಈ ಆಟದ 1974ರ ಮೊದಲ ನಿಯಮಗಳಲ್ಲಿ, ಗೈಗ್ಯಾಕ್ಸ್ ಮತ್ತು ಆರ್ನೆಸನ್ ಬರೆದವುಗಳಲ್ಲಿ, ನೆಲಮಾಳಿಗೆಯಿಂದ ಹೊತ್ತು ತಂದ ಒಂದು ಚಿನ್ನದ ನಾಣ್ಯಕ್ಕೆ ಒಂದು ಪಾಯಿಂಟ್ ಸಿಗುತ್ತಿತ್ತು ಎಂದು ಮಗ ಹೇಳುತ್ತಾನೆ. ರಾಕ್ಷಸನ ಕಣ್ಣುತಪ್ಪಿಸಿ ನಿಧಿ ಹೊಡೆದವನೇ ಜಾಣ, ಕತ್ತಿ ಬೀಸುವುದು ನಷ್ಟದ ಬಾಬತ್ತು. ನಮ್ಮ ‘ಅನುಭವ’ ಇದಕ್ಕೆ ಹೇಳಿ ಮಾಡಿಸಿದ್ದು. ಇಂಗ್ಲಿಷಿನ ಪದಕ್ಕೆ ಈ ಅರ್ಥವೇ ಇಲ್ಲ.

ಚೌಕಾಬಾರ:
ಆಟದ ಪದವನ್ನು ಆಟದಿಂದಲೇ ತನ್ನಿ. ನಮ್ಮ ಚೌಕಾಬಾರದಲ್ಲಿ ಕಾಯಿ ಸುತ್ತು ಮುಗಿಸಿ ನಡುಮನೆ ಸೇರಿದರೆ ‘ಹಣ್ಣಾಯಿತು’ ಅನ್ನುತ್ತೇವೆ. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಬಿಡುವುದಿಲ್ಲ ಎಂಬ ಕಟ್ಟಳೆ ನಮ್ಮ ಮನೆಯಲ್ಲಿತ್ತು. ನಿಮ್ಮ ಗಾಬ್ಲಿನ್ ಲೆಕ್ಕವೂ ಅದೇ ತಾನೆ?

ಕೋಶಪ್ರಿಯ:
ಹಣ್ಣಾದ ಕಾಯಿ ಆಟದಿಂದ ಆಚೆ. ಎರಡನೇ ಲೆವೆಲ್ಲಿಗೇ ಹಣ್ಣಾದರೆ ಮಗು ಎದ್ದು ಮನೆಗೆ ಹೋಗಬೇಕೇ? ಆಗದ ಮಾತು.

ರೂನ್ ಆಡುವವಳು:
ನಾನು ಆಡಿಸುವವಳು, ಒಂದೆರಡು ಮಾತು. ಪಾಯಿಂಟನ್ನು ಯಾತಕ್ಕೆ ಕೊಡುತ್ತಾರೆ ಎಂಬುದು ಆಟದಿಂದ ಆಟಕ್ಕೆ ಬೇರೆ, ಅದನ್ನು ನೋಡದೆ ಪದ ಹುಡುಕಿ ಪ್ರಯೋಜನವಿಲ್ಲ. ‘ಪಳಗು’ ಒಳ್ಳೆಯ ಪದ, ಈ ಹಾಳೆಗಲ್ಲ. 1978ರ ರೂನ್‌ಕ್ವೆಸ್ಟ್ ಎಂಬ ಇದೇ ಬಗೆಯ ಇನ್ನೊಂದು ಆಟಕ್ಕೆ ಅದು ಸರಿ. ಅಲ್ಲಿ ಲೆವೆಲ್ಲೂ ಇಲ್ಲ, ಪಾಯಿಂಟಿನ ಗಂಟೂ ಇಲ್ಲ. ಸಾಹಸದ ನಡುವೆ ಗೋಡೆ ಹತ್ತಿ ಗೆದ್ದಿರಾ, ಗೋಡೆ ಹತ್ತುವ ಕೌಶಲದ ಮುಂದೆ ಒಂದು ಗುರುತು. ಆಟ ಮುಗಿದ ಮೇಲೆ ದಾಳ ಉರುಳಿಸಿ ಏರಿಕೆ ಉಂಟೋ ಇಲ್ಲವೋ ನೋಡುವುದು. ಕೌಶಲ ನೂರಕ್ಕೆ 30 ಇದ್ದವಳಿಗೆ ಏರಿಕೆ ಸಲೀಸು, 90 ಮುಟ್ಟಿದವಳಿಗೆ ಹರಸಾಹಸ. ಕೈ ಪಳಗುವುದು ಹಾಗೆಯೇ. ಡಿ ಅಂಡ್ ಡಿಯಲ್ಲಿ ಗಾಬ್ಲಿನ್ ಹೊಡೆದು ಲೆವೆಲ್ ಏರಿದ ಮಾಂತ್ರಿಕನಿಗೆ ಹೊಸ ಮಂತ್ರ ಬರುತ್ತದೆ. ಅವನ ಯಾವ ಕೈ ಪಳಗಿತು ಸ್ವಾಮಿ?

ನಿಮ್ಮ ನಿಜವಾದ ತಲೆನೋವು ‘ಲೆವೆಲ್’. ಐದನೇ ಲೆವೆಲ್ಲಿನ ಮಾಂತ್ರಿಕ ಮೂರನೇ ಲೆವೆಲ್ಲಿನ ಮಂತ್ರ ಹಾಕುತ್ತಾನೆ. ಎರಡಕ್ಕೂ ‘ಮಟ್ಟ’ ಎಂದರೆ ಮಕ್ಕಳು ಮೊದಲ ದಿನವೇ ಕೈ ಎತ್ತುತ್ತಾರೆ. ಇದು ಗೈಗ್ಯಾಕ್ಸರಿಗೂ ಗೊತ್ತಿತ್ತು. 1978ರ ಆಟಗಾರರ ಕೈಪಿಡಿಯಲ್ಲಿ ಅವರೇ ಹೇಳುತ್ತಾರೆ: ಪಾತ್ರಕ್ಕೆ ‘ರ‍್ಯಾಂಕ್’, ಮಂತ್ರಕ್ಕೆ ‘ಪವರ್’, ರಾಕ್ಷಸರಿಗೆ ‘ಆರ್ಡರ್’ ಎಂದು ಬೇರೆ ಬೇರೆ ಹೆಸರಿಡುವ ಯೋಚನೆ ಮೊದಲು ಇತ್ತು. ರೂಢಿಗೆ ಬಿದ್ದದ್ದನ್ನು ಬಿಡಲಾಗದೆ ಎಲ್ಲಕ್ಕೂ ಲೆವೆಲ್ ಎಂದೇ ಉಳಿಸಿಕೊಂಡರು. ನಿಮಗೆ ಆ ರೂಢಿಯ ಹಂಗಿಲ್ಲ. ಪಾತ್ರಕ್ಕೆ ‘ಹಂತ’, ಮಂತ್ರಕ್ಕೆ ‘ದರ್ಜೆ’ ಇಡಿ. ‘ಮಟ್ಟ’ವಂತೂ ಬೇಡವೇ ಬೇಡ: ‘ಗಾಬ್ಲಿನ್‌ಗಳನ್ನು ಮಟ್ಟ ಹಾಕಿ ಮಟ್ಟ ಏರಿದ’ ಎಂದು ಓದಿ ಹೇಳಿ ನೋಡಿ.

ನಿವೃತ್ತ ಗುಮಾಸ್ತ:
ಲೆವೆಲ್ ಏರುವುದಕ್ಕೆ ‘ಬಡ್ತಿ’ ಎಂಬ ಪದ ಇಡೀ ರಾಜ್ಯಕ್ಕೆ ಗೊತ್ತಿದೆ. ಹಳೆಯ ನಿಯಮದಲ್ಲಿ ವೈಟ್ ಎಂಬ ಪ್ರೇತ ಮುಟ್ಟಿದರೆ ಒಂದು ಲೆವೆಲ್ ಇಳಿಯುತ್ತಿತ್ತಂತೆ. ಅದಕ್ಕೂ ಪದ ತಯಾರಿದೆ, ‘ಹಿಂಬಡ್ತಿ’. ಈಗ ಅನೇಕರು ಪಾಯಿಂಟ್ ಎಣಿಸದೆ, ಕಥೆಯ ಮುಖ್ಯ ಘಟ್ಟ ದಾಟಿದಾಗ ಎಲ್ಲರನ್ನೂ ಒಟ್ಟಿಗೆ ಏರಿಸುತ್ತಾರಲ್ಲ, ಅದು ‘ಸಾಮೂಹಿಕ ಬಡ್ತಿ’.

ಅಚ್ಚಗನ್ನಡಿಗ:
‘ಬಡ್ತಿ’ ಉತ್ತರದ ಸರಕು. ಕಚೇರಿಯ ಧೂಳನ್ನು ಮಕ್ಕಳಾಟಕ್ಕೆ ತರಬೇಡಿ.

ಚೌಕಾಬಾರ:
ಇಸ್ಪೀಟು ಆಡುವಾಗ ಏನಂತೀರಿ? ‘ಕಳಾವರ್’ ಡಚ್ಚರದು, ‘ಇಸ್ಪೀಟು’ ಪೋರ್ಚುಗೀಸರದು. ನಮ್ಮಜ್ಜಿಗೆ ಎರಡೂ ದೇಶ ಎಲ್ಲಿವೆಯೆಂದು ತಿಳಿದಿರಲಿಲ್ಲ, ಕಳಾವರ್ ರಾಣಿ ಯಾರ ಕೈಲಿದೆ ಎಂದು ಮಾತ್ರ ತಪ್ಪದೆ ತಿಳಿಯುತ್ತಿತ್ತು. ಆಟ ಬಂದರೆ ಅದರ ಮಾತೂ ಬರುತ್ತದೆ ಮಾರಾಯ್ರೆ. ಮಕ್ಕಳು ಹೇಗೂ ‘ಲೆವೆಲ್ ಅಪ್ ಆಯ್ತು’ ಎಂದೇ ಕೂಗುತ್ತಾರೆ.

ಅಚ್ಚಗನ್ನಡಿಗ:
ಹಾಗಾದರೆ ಹಾಳೆಯನ್ನು ಇಂಗ್ಲಿಷಿನಲ್ಲೇ ಅಚ್ಚು ಹಾಕಿಸಿ. ಈ ಪದಚರ್ಚೆ ಯಾಕೆ, ನಾವು ಯಾಕೆ?

ಹಳೇ ವಕೀಲ:
ಇಬ್ಬರೂ ಸ್ವಲ್ಪ ತಣ್ಣಗಾಗಿ. ನನ್ನ ಸ್ವಾಧೀನಾನುಭವಕ್ಕೆ ಯಾರೂ ಉತ್ತರ ಕೊಡಲಿಲ್ಲ.

ದಾಳಗಾರ:
ಹಾಳೆ ಅಚ್ಚಿಗೆ ಹೋಯಿತು. ‘ಅನುಭವ’, ‘ಹಂತ’, ಮಂತ್ರಗಳ ಪಟ್ಟಿಯಲ್ಲಿ ‘ದರ್ಜೆ’. ‘ಅಂಕ’ ತೆಗೆದೆ, ಅದನ್ನು ಕಂಡರೆ ಮಕ್ಕಳಿಗೆ ಪರೀಕ್ಷೆ ನೆನಪಾಗುತ್ತದೆ. ಎಲ್ಲರಿಗೂ ವಂದನೆ. ವಕೀಲರೇ, ನಿಧಿ ಸಿಕ್ಕಿದ್ದಕ್ಕೂ ಅನುಭವ ಕೊಡುವ ಹಳೇ ಪದ್ಧತಿಯನ್ನು ಶಿಬಿರದಲ್ಲಿ ಇಟ್ಟುಕೊಳ್ಳುತ್ತಿದ್ದೇನೆ. ಹೊಡೆದಾಟ ಕಡಿಮೆಯಾಗಲಿ.

ಅಚ್ಚಗನ್ನಡಿಗ:
ಅನುಭವ ಸಂಸ್ಕೃತ, ದರ್ಜೆ ಅರಬ್ಬಿ. ಕನ್ನಡದ್ದೆಂದು ಉಳಿದದ್ದು ‘ಹಾಳೆ’ ಒಂದೇ.

ಕೋಶಪ್ರಿಯ:
ಅದೂ ಮೊದಲು ‘ಪಾಳೆ’. ಇಲ್ಲಿ ನೋಡಿ, ಪಕಾರ ಹಕಾರವಾಗಿದೆ.