ವೀಲ್ ಆರ್ಚ್ ಟ್ರಿಮ್ ಮತ್ತೆ ಮಡ್ ಫ್ಲ್ಯಾಪ್: ಟೇಪ್ ಹಾಕಿ ಅಂಟಿಸ್ಲಾ, ಸ್ಕ್ರೂ ಹೊಡೀಲಾ?

ಪ್ರಶ್ನೆ

ಎಲ್ರಿಗೂ ನಮಸ್ಕಾರ. ನಮ್ಮನೇಲಿ ಇರೋದು ಒಂದೇ ಕಾರು, ಐದು ಡೋರ್ ಹ್ಯಾಚ್‌ಬ್ಯಾಕ್, ತಗೊಂಡು ಏಳು ವರ್ಷ ಆಯ್ತು, ಮಕ್ಕಳನ್ನ ಸ್ಕೂಲಿಗೆ ಬಿಡೋದ್ರಿಂದ ಹಿಡಿದು ಅಪ್ಪ ಅಮ್ಮನ್ನ ಡಾಕ್ಟರ್ ಹತ್ರ ಕರ್ಕೊಂಡು ಹೋಗೋವರ್ಗೂ ಎಲ್ಲಾ ಅದ್ರಲ್ಲೇ. ಮನೆ ಹತ್ರ ಕೊನೇ ಎರಡು ಕಿಲೋಮೀಟರ್ ಜಲ್ಲಿ ರಸ್ತೆ, ಮಳೆ ಬಂದ್ರೆ ಪೂರ್ತಿ ಕೆಸರು. ಮುಂದಿನ ಟೈರಿಂದ ಕಲ್ಲು ಸಿಡಿದು ಸಿಡಿದು ಹಿಂದಿನ ಡೋರ್ ಕೆಳಗಡೆ ಮತ್ತೆ ಹಿಂದಿನ ವೀಲ್ ಆರ್ಚ್ (ಚಕ್ರದ ಮೇಲಿನ ಕಮಾನು) ಅಂಚಲ್ಲಿ ಪೇಂಟ್ ಚುಕ್ಕೆ ಚುಕ್ಕೆಯಾಗಿ ಎದ್ದು ಹೋಗಿದೆ, ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಅದಕ್ಕೆ ಕಪ್ಪು ಪ್ಲಾಸ್ಟಿಕ್ ಆರ್ಚ್ ಟ್ರಿಮ್ ಒಂದು ಸೆಟ್ ತಂದಿದೀನಿ, ಜೊತೆಗೆ ನಾಲ್ಕು ಮಡ್ ಫ್ಲ್ಯಾಪ್. ಫ್ಲ್ಯಾಪ್ ನಮ್ಮ ಮಾಡಲ್‌ಗೇ ಅಂತ ಮಾಡಿರೋದು, ಟ್ರಿಮ್ ಮಾತ್ರ ಯಾವ ಕಾರಿಗಾದ್ರೂ ಹಾಕ್ಬಹುದು ಅನ್ನೋ ಟೈಪು. ಟ್ರಿಮ್ ಡಬ್ಬದಲ್ಲಿ ಟೇಪೂ ಇದೆ, ಸ್ಕ್ರೂನೂ ಇದೆ, ಆದ್ರೆ ಹೇಗೆ ಹಾಕ್ಬೇಕು ಅಂತ ಒಂದು ಚೀಟಿನೂ ಇಲ್ಲ. ಸ್ಕ್ರೂ ಹೊಡೆದ್ರೆ ಗಟ್ಟಿ ಇರುತ್ತೆ ಅಂತಾರೆ, ಆದ್ರೆ ಬಾಡಿಗೆ ತೂತು ಮಾಡೋಕೆ ಮನಸ್ಸು ಬರ್ತಿಲ್ಲ. ಮಡ್ ಫ್ಲ್ಯಾಪ್‌ಗೂ ಡ್ರಿಲ್ ಮಾಡ್ಬೇಕಾ? ಇನ್ನೊಂದು, ಎಡಗಡೆ ಹಿಂದಿನ ಆರ್ಚ್ ಅಂಚಲ್ಲಿ ಪೇಂಟ್ ಒಳಗಿಂದ ಕಡಲೆ ಗಾತ್ರದ ಎರಡು ಗುಳ್ಳೆ ಎದ್ದಿದೆ, ಟ್ರಿಮ್ ಹಾಕಿದ್ರೆ ಅದು ಮುಚ್ಚಿ ಹೋಗುತ್ತೆ, ಹಾಗೇ ಹಾಕ್ಬಿಡ್ಲಾ? ಮಾಡಿ ನೋಡಿರೋರು ದಯವಿಟ್ಟು ಹೇಳಿ.

ಉತ್ತರ 1

ಸರ್, ಮಿಕ್ಕಿದ್ದೆಲ್ಲ ಆಮೇಲೆ, ಮೊದ್ಲು ಆ ಗುಳ್ಳೆ. ಅದರ ಮೇಲೆ ಟ್ರಿಮ್ ಹಾಕ್ಲೇಬೇಡಿ. ಪೇಂಟ್ ಗುಳ್ಳೆ ಎದ್ದಿದೆ ಅಂದ್ರೆ ಅಡೀಲಿ ತುಕ್ಕು ಶುರುವಾಗಿ ಆಗ್ಲೇ ಪೇಂಟನ್ನ ಮೇಲಕ್ಕೆ ದೂಡ್ತಿದೆ ಅಂತ. ಹೊರಗೆ ಕಾಣೋದು ಕಡಲೆಯಷ್ಟಾದ್ರೆ ಒಳಗೆ ಅದಕ್ಕಿಂತ ಜಾಸ್ತಿನೇ ಹರಡಿರುತ್ತೆ. ಮುಚ್ಚಿಟ್ರೆ ಕಣ್ಣಿಗೆ ಕಾಣಲ್ಲ ಅಷ್ಟೇ, ಅದು ತನ್ನ ಪಾಡಿಗೆ ತಿಂತಾನೇ ಇರುತ್ತೆ.

ಸ್ಕ್ರೂಡ್ರೈವರ್ ತುದಿಯಿಂದ ಮೆಲ್ಲಗೆ ಒತ್ತಿ ನೋಡಿ. ತಗಡು ಗಟ್ಟಿ ಇದ್ರೆ ನೀವೇ ಸರಿ ಮಾಡ್ಕೋಬಹುದು, ಚುಚ್ಚಿಕೊಂಡು ಒಳಗೆ ಹೋದ್ರೆ ಅಥವಾ ಪುಡಿ ಉದುರಿದ್ರೆ ಟಿಂಕರಿಂಗ್ ಮಾಡೋರಿಗೆ ತೋರಿಸ್ಲೇಬೇಕು. ಗಟ್ಟಿ ಇದ್ರೆ ತುಕ್ಕು ಇರೋ ಜಾಗ ದಾಟಿ ಸುತ್ತ ಒಳ್ಳೆ ಪೇಂಟ್ ಸಿಗೋವರ್ಗೂ ಉಜ್ಜಿ, ತಗಡು ಬೆಳ್ಳಗೆ ಹೊಳೀಬೇಕು, ಮೊದಲು 80ರ ಸ್ಯಾಂಡ್ ಪೇಪರ್, ಆಮೇಲೆ 240, ಆಮೇಲೆ 400. ಸಣ್ಣ ಗುಂಡಿಗಳಲ್ಲಿ ಕಪ್ಪು ಉಳ್ಕೊಂಡ್ರೆ ರಸ್ಟ್ ಕನ್ವರ್ಟರ್ (ಉಳಿದ ತುಕ್ಕನ್ನ ಗಟ್ಟಿ ಪದರ ಮಾಡೋ ದ್ರವ) ಹಚ್ಚಿ, ಡಬ್ಬಿ ಮೇಲೆ ಬರೆದಿರೋಷ್ಟು ಹೊತ್ತು ಬಿಡಿ, ಆಮೇಲೆ ಎಪಾಕ್ಸಿ ಪ್ರೈಮರ್, ಕಲರ್, ಕ್ಲಿಯರ್ ಕೋಟ್. ಹೊಸ ಪೇಂಟ್ ಮೇಲೆ ಮಾರನೇ ದಿನವೇ ಟೇಪ್ ಅಂಟಿಸ್ಬೇಡಿ, ಒಳಗಿನ ಸಾಲ್ವೆಂಟ್ ಇನ್ನೂ ಹೊರಗೆ ಬರ್ತಿರುತ್ತೆ. ಒಂದು ತಿಂಗಳು ಸುಮ್ನಿರಿ.

ಉತ್ತರ 2

ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ, ನಾನು ಅನುಭವಿಸಿದೀನಿ ಅದಕ್ಕೆ ಸ್ವಲ್ಪ ಉದ್ದಕ್ಕೇ ಬರೀತೀನಿ.

ನಮ್ಮ ಹಳೇ ಕಾರಿಗೆ ಹೀಗೇ ಆರ್ಚ್ ಟ್ರಿಮ್ ಹಾಕಿಸಿದ್ದೆ, ಒಂದೊಂದು ಆರ್ಚ್‌ಗೆ ಏಳೋ ಎಂಟೋ ಸ್ಕ್ರೂ, ಹಾಕಿದವರು ಡ್ರಿಲ್ ಹಿಡಿದು ಟರ್ ಟರ್ ಅಂತ ತೂತು ಮಾಡಿ ಸ್ಕ್ರೂ ತಿರುಗಿಸಿ ಅರ್ಧ ಗಂಟೇಲಿ ಕೊಟ್ರು, ತೂತಿನ ಅಂಚಿಗೆ ಪ್ರೈಮರ್ ಇಲ್ಲ ಗ್ರೀಸ್ ಇಲ್ಲ ಏನೂ ಇಲ್ಲ. ನೋಡೋಕೆ ಬಹಳ ಚೆನ್ನಾಗಿತ್ತು. ಎರಡು ಮಳೆಗಾಲ ಕಳೆದ ಮೇಲೆ ಒಂದು ದಿನ ಕಾರ್ ತೊಳೀಬೇಕಾದ್ರೆ ಹಿಂದಿನ ಟ್ರಿಮ್ ಒಂದು ಸ್ಕ್ರೂ ಸಮೇತ ಕೈಗೇ ಬಂತು, ಹಿಂದೆ ನೋಡಿದ್ರೆ ಬೆರಳು ದಪ್ಪ ಕೆಸರು ಗಟ್ಟಿ ಮೆತ್ಕೊಂಡಿದೆ, ಮಳೆ ನಿಂತು ಮೂರು ದಿನ ಆಗಿದ್ರೂ ಅದು ಇನ್ನೂ ಒದ್ದೆ. ಅದನ್ನ ಕೆರೆದ್ರೆ ಆರ್ಚ್ ಅಂಚು ಬಿಸ್ಕತ್ ಥರ ಮುರ್ಕೊಂಡು ಬಂತು.

ಇಲ್ಲಿ ಒಂದು ವಿಷಯ ತುಂಬಾ ಜನಕ್ಕೆ ಗೊತ್ತಿರಲ್ಲ. ಸಾಮಾನ್ಯವಾಗಿ ಮುಂದಿನ ಮಡ್‌ಗಾರ್ಡ್ (ಫ್ಲ್ಯಾಪ್ ಅಲ್ಲ, ಚಕ್ರದ ಮೇಲಿನ ತಗಡು) ಬೋಲ್ಟ್ ಹಾಕಿ ಕೂರ್ಸಿರೋದು, ಹಾಳಾದ್ರೆ ಬಿಚ್ಚಿ ಬೇರೆ ಹಾಕ್ಬಹುದು. ಹಿಂದಿನ ಆರ್ಚ್ ಹಾಗಲ್ಲ, ಅದು ಬಾಡಿಗೇ ವೆಲ್ಡ್ ಆಗಿರೋ ದೊಡ್ಡ ಪ್ಯಾನೆಲ್‌ನ ಭಾಗ, ಮತ್ತೆ ಆ ಅಂಚಲ್ಲಿ ಹೊರಗಿನ ತಗಡು ಒಳಗಿನ ತಗಡು ಎರಡೂ ಸೇರಿ ಮಡಚಿರ್ತಾರೆ. ಆ ಎರಡು ತಗಡಿನ ಸಂದಿಗೆ ನೀರು ಹೋದ್ರೆ ಅಲ್ಲೇ ನಿಲ್ಲುತ್ತೆ. ಸ್ಕ್ರೂ ಹೊಡೆಯೋದು ಸರಿಯಾಗಿ ಅದೇ ಜಾಗಕ್ಕೆ! ಅಲ್ಲಿ ತುಕ್ಕು ತಿಂದ್ರೆ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿ ಪುಟ್ಟಿ ಹಾಕಿ ಪೇಂಟ್ ಮಾಡ್ಬೇಕು. ನಾನು ಅದನ್ನೇ ಮಾಡಿಸಿದ್ದು, ಎರಡೂ ಕಡೆ. ಟ್ರಿಮ್ ಹಾಕ್ದೇ ಇದ್ದಿದ್ರೆ ತುಕ್ಕು ಕಣ್ಣಿಗೆ ಕಾಣ್ತಿತ್ತು, ಮೊದಲೇ ಗೊತ್ತಾಗ್ತಿತ್ತು.

ಅದಕ್ಕೆ ನನ್ನ ಮಾತು ಇಷ್ಟೇ: ಮಡ್ ಫ್ಲ್ಯಾಪ್ ಇವತ್ತೇ ಹಾಕಿ. ಟ್ರಿಮ್ ಬೇಕಾ ಅಂತ ಇನ್ನೊಂದ್ಸಲ ಯೋಚ್ನೆ ಮಾಡಿ. ನಿಮಗೆ ಪೇಂಟ್ ಹೋಗ್ತಿರೋದು ಮುಂದಿನ ಟೈರ್ ಎಸೆಯೋ ಕಲ್ಲಿಂದ, ಆ ಕಲ್ಲನ್ನ ತಡೆಯೋದು ಮುಂದಿನ ಮಡ್ ಫ್ಲ್ಯಾಪ್, ಆರ್ಚ್ ಟ್ರಿಮ್ ಅಲ್ಲ. ಹಿಂದಿನ ಆರ್ಚ್ ಮುಂಭಾಗಕ್ಕೆ ಅಂಗೈ ಅಗಲ ಪೇಂಟ್ ಪ್ರೊಟೆಕ್ಷನ್ ಫಿಲ್ಮ್ ಅಂಟಿಸಿದ್ರೂ ಸಾಕು, ಅದು ಪೂರ್ತಿ ಮೈಗೆ ಅಂಟೋದ್ರಿಂದ ಹಿಂದೆ ಕೆಸರು ಕೂರಲ್ಲ, ಪಾರದರ್ಶಕ ಇರೋದ್ರಿಂದ ಒಳಗೆ ಏನಾಗ್ತಿದೆ ಅಂತಾನೂ ಕಾಣುತ್ತೆ.

ಉತ್ತರ 3

ಮಡ್ ಫ್ಲ್ಯಾಪ್ ಬಗ್ಗೆ ನಾನು ಹೇಳ್ತೀನಿ, ನಮ್ಮನೆ ಮೂರು ಕಾರಿಗೂ ನಾನೇ ಹಾಕಿರೋದು.

ಮಾಡಲ್‌ಗೇ ಅಂತ ಮಾಡಿರೋ ಫ್ಲ್ಯಾಪ್ ಆದ್ರೆ ಸಾಮಾನ್ಯವಾಗಿ ಬಾಡಿಗೆ ಹೊಸ ತೂತು ಬೇಕಾಗಲ್ಲ ಮೇಡಂ ಅಥವಾ ಸರ್. ಚಕ್ರದ ಒಳಗೆ ಕಪ್ಪು ಪ್ಲಾಸ್ಟಿಕ್ ಲೈನರ್ ಇರುತ್ತಲ್ಲ, ಅದನ್ನ ಹಿಡ್ಕೊಂಡಿರೋ ಸ್ಕ್ರೂ ಅಥವಾ ಕ್ಲಿಪ್ ತೆಗೆದು ಅದೇ ತೂತಿಗೆ ಫ್ಲ್ಯಾಪ್ ಸೇರಿಸಿ ವಾಪಸ್ ಹಾಕೋದು ಅಷ್ಟೇ. ಹಳೇ ಸ್ಕ್ರೂ ಗಿಡ್ಡ ಆಗುತ್ತೆ, ಅದಕ್ಕೇ ಡಬ್ಬದಲ್ಲಿ ಉದ್ದ ಸ್ಕ್ರೂ ಕೊಟ್ಟಿರ್ತಾರೆ. ಹೆಚ್ಚಿನ ಕಾರಲ್ಲಿ ನಕ್ಷತ್ರದ ತಲೆ ಇರೋ ಸ್ಕ್ರೂ, ಟಿ20 ಅಥವಾ ಟಿ25 ಬಿಟ್ ಬೇಕು, ಕೆಲವು ಕಡೆ 10 ಮಿ.ಮೀ ಬೋಲ್ಟ್. ಪ್ಲಾಸ್ಟಿಕ್ ಕ್ಲಿಪ್ ತೆಗೀಬೇಕಾದ್ರೆ ನಡುವಿನ ಬಟನ್ ಮೊದಲು ಎತ್ತಿ, ಆಮೇಲೆ ಪೂರ್ತಿ ಎಳೀರಿ, ಹಾಗೇ ಕಿತ್ರೆ ಮುರಿಯುತ್ತೆ. ಏಳು ವರ್ಷದ ಕಾರಲ್ಲಿ ಹೇಗಿದ್ರೂ ಒಂದೆರಡು ಮುರಿದೇ ಮುರಿಯುತ್ತೆ, ನಾಲ್ಕೈದು ಹೊಸದು ಮೊದಲೇ ತಂದಿಟ್ಕೊಳ್ಳಿ.

ಮುಂದಿನದಕ್ಕೆ ಚಕ್ರ ಬಿಚ್ಚೋದು ಬೇಡ, ಸ್ಟೀರಿಂಗ್ ಒಂದು ಕಡೆಗೆ ಪೂರ್ತಿ ತಿರುಗಿಸಿದ್ರೆ ಟೈರ್ ಹಿಂದೆ ಕೈ ಹೋಗೋಷ್ಟು ಜಾಗ ಆಗುತ್ತೆ. ಹಿಂದೆ ಮಾತ್ರ ಜಾಗ ಇರಲ್ಲ, ಚಕ್ರ ತೆಗೆದ್ರೆ ಸುಲಭ. ಆದ್ರೆ ಬರೀ ಜಾಕ್ ಮೇಲೆ ನಿಲ್ಲಿಸಿ ಆರ್ಚ್ ಒಳಗೆ ತಲೆ ಹಾಕ್ಬೇಡಿ, ಸಮತಟ್ಟಾದ ಜಾಗ, ಹ್ಯಾಂಡ್ ಬ್ರೇಕ್, ಎದುರು ಚಕ್ರಕ್ಕೆ ಅಡ್ಡ ಕಲ್ಲು, ಜಾಕ್ ಸ್ಟ್ಯಾಂಡ್ ಇವಿಷ್ಟು ಇರ್ಲೇಬೇಕು. ವಾಪಸ್ ಹಾಕುವಾಗ ವೀಲ್ ನಟ್ ಎದುರುಬದುರಾಗಿ ಬಿಗೀರಿ, ಎಷ್ಟು ಟಾರ್ಕ್ ಅಂತ ಕಾರಿನ ಪುಸ್ತಕದಲ್ಲಿ ಇರುತ್ತೆ, ಒಂದು ಐವತ್ತು ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ಚೆಕ್ ಮಾಡಿ.

ಲೈನರ್ ಅಥವಾ ಬಂಪರ್ ಪ್ಲಾಸ್ಟಿಕ್‌ಗೆ ಒಂದು ತೂತು ಮಾಡ್ಬೇಕಾಗಿ ಬಂದ್ರೂ ಹಿಂದೆ ಏನಿದೆ ನೋಡ್ದೇ ಮಾಡ್ಬೇಡಿ. ಪೆಟ್ರೋಲ್ ಹಾಕೋ ಮುಚ್ಚಳ ಇರೋ ಕಡೆ ಲೈನರ್ ಹಿಂದೆ ಫ್ಯೂಯಲ್ ಪೈಪ್ ಹೋಗಿರುತ್ತೆ!! ಡ್ರಿಲ್ ಬಿಟ್‌ಗೆ ತುದಿಯಿಂದ 5 ಮಿ.ಮೀ ಬಿಟ್ಟು ದಪ್ಪಕ್ಕೆ ಟೇಪ್ ಸುತ್ಕೊಳ್ಳಿ, ಅದಕ್ಕಿಂತ ಆಳ ಹೋಗಲ್ಲ.

ಹಾಕಿದ ಮೇಲೆ ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ಟೈರ್ ತಾಗುತ್ತಾ ನೋಡಿ, ಆಮೇಲೆ ಹಿಂದೆ ಮೂರು ಜನ ಕೂರ್ಸಿ ಡಿಕ್ಕೀಲಿ ಲಗೇಜ್ ಇಟ್ಟು ಹಂಪ್ ಹತ್ತಿಸಿ ನೋಡಿ, ಖಾಲಿ ಕಾರಲ್ಲಿ ತಾಗದೇ ಇರೋದು ಭಾರ ಬಿದ್ದಾಗ ತಾಗುತ್ತೆ. ಫ್ಯಾಮಿಲಿ ಕಾರು ಯಾವಾಗ್ಲೂ ಭಾರ ಹೊತ್ಕೊಂಡೇ ಓಡೋದಲ್ವಾ. ಫ್ಲ್ಯಾಪ್ ಕೆಳಗಿನ ಅಂಚು ತೀರ ನೆಲಕ್ಕೆ ಬಂದ್ರೆ ರಿವರ್ಸ್ ಹೋಗುವಾಗ ಕಟ್ಟೆಗೆ ಸಿಕ್ಕಿ ಟೈರ್ ಅಡಿಗೆ ಹೋಗಿ ಕಿತ್ತು ಬರುತ್ತೆ, ಬರುವಾಗ ಬಂಪರ್ ಅಂಚನ್ನೂ ಎಳ್ಕೊಂಡು ಬರುತ್ತೆ. ಸೈಲೆನ್ಸರ್ ಪೈಪ್‌ಗೂ ತಾಗಬಾರ್ದು, ಕರಗುತ್ತೆ.

ಉತ್ತರ 4

ಉತ್ತರ 2ರ ಅಣ್ಣಂಗೆ ಆಗಿದ್ದು ನೋಡಿ ಬೇಜಾರಾಯ್ತು, ಆದ್ರೆ ಟ್ರಿಮ್ಮೇ ಬೇಡ ಅನ್ನೋದನ್ನ ನಾನು ಒಪ್ಪಲ್ಲ. ಕಾರ್ ಕಂಪನಿಗಳೇ ಎಷ್ಟೋ ಕಾರಿಗೆ ಆರ್ಚ್ ಮೇಲೆ ಕಪ್ಪು ಕ್ಲ್ಯಾಡಿಂಗ್ ಹಾಕಿ ಕೊಡ್ತಾರೆ. ಕಿರಿದಾದ ಗಲ್ಲೀಲಿ ಬೇರೆ ಗಾಡಿ ಹ್ಯಾಂಡಲ್ ಉಜ್ಜಿದ್ರೆ, ಪಾರ್ಕಿಂಗಲ್ಲಿ ಗೋಡೆ ತಾಗಿದ್ರೆ ಫಿಲ್ಮ್ ಏನೂ ಮಾಡಲ್ಲ, ಟ್ರಿಮ್ ಕಾಪಾಡುತ್ತೆ. ತಪ್ಪು ಟ್ರಿಮ್ಮಿಂದಲ್ಲ, ತೂತಿಗೆ ಪ್ರೈಮರ್ ಹಚ್ಚದೇ ಬಿಟ್ಟಿದ್ದು ಮತ್ತೆ ನೀರಿಗೆ ಹೊರಗೆ ಹೋಗೋಕೆ ದಾರಿ ಕೊಡ್ದೇ ಇದ್ದಿದ್ದು.

ನಾನು ಟೇಪ್ ಹಾಕಿದೀನಿ, ನಾಲ್ಕು ವರ್ಷ ಆಯ್ತು ಅಲ್ಲಾಡಿಲ್ಲ. ಮಾಮೂಲಿ ಸ್ಟೇಷನರಿ ಡಬಲ್ ಸೈಡ್ ಟೇಪ್ ಅಲ್ಲ, ಗಾಡಿಗೇ ಅಂತ ಬರೋ ಬೂದು ಬಣ್ಣದ ಅಕ್ರಿಲಿಕ್ ಫೋಮ್ ಟೇಪ್. ಮೊದಲು ಶಾಂಪೂ ಹಾಕಿ ತೊಳೆದು ಒಣಗಿಸಿ, ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸಿ, ಬಟ್ಟೆ ಬದಲಾಯಿಸಿ ಇನ್ನೊಮ್ಮೆ ಒರೆಸಿ, ಆಮೇಲೆ ಬೆರಳು ತಾಗಿಸ್ಬೇಡಿ. ಟೈರ್ ಪಾಲಿಶ್ ಮಾಡೋ ಅಭ್ಯಾಸ ಇದ್ರೆ ಅದರ ಸಿಲಿಕಾನ್ ಆರ್ಚ್ ಮೇಲೂ ಹಾರಿರುತ್ತೆ, ಅದರ ಮೇಲೆ ಏನೂ ಅಂಟಲ್ಲ. ಟ್ರಿಮ್ ಹಿಂದೆ ಪಿಪಿ ಅಂತ ಅಚ್ಚಾಗಿದ್ರೆ ಅದು ಪಾಲಿಪ್ರೊಪಿಲೀನ್, ಅದಕ್ಕೆ ಅಡ್ಹೀಶನ್ ಪ್ರೊಮೋಟರ್ (ಟೇಪ್ ಹಿಡಿಯೋ ಹಾಗೆ ಮಾಡೋ ದ್ರವ) ಹಚ್ಚಿ ಒಣಗಿಸ್ಲೇಬೇಕು, ಇಲ್ದಿದ್ರೆ ಟೇಪ್ ಕಾರಿಗೆ ಗಟ್ಟಿ ಅಂಟಿ ಟ್ರಿಮ್ ಮಾತ್ರ ಬಿಟ್ಕೊಳ್ಳುತ್ತೆ. ಎಬಿಎಸ್ ಅನ್ನೋ ಪ್ಲಾಸ್ಟಿಕ್ ಆದ್ರೆ ಅಷ್ಟು ತೊಂದ್ರೆ ಇಲ್ಲ.

ಅಂಟಿಸೋ ಮುಂಚೆ ಮಾಸ್ಕಿಂಗ್ ಟೇಪಲ್ಲಿ ನಾಲ್ಕೂ ಟ್ರಿಮ್ ತೂಗು ಹಾಕಿ ದೂರ ನಿಂತು ನೋಡಿ, ಎಡ ಬಲ ಒಂದೇ ಎತ್ತರಕ್ಕಿದೆಯಾ ಅಂತ. ಎಷ್ಟೋ ಹ್ಯಾಚ್‌ಬ್ಯಾಕಲ್ಲಿ ಹಿಂದಿನ ಡೋರ್ ಅಂಚು ಆರ್ಚ್ ಒಳಕ್ಕೆ ಬಂದಿರುತ್ತೆ, ಹಾಗಿದ್ರೆ ಟ್ರಿಮ್ ಅಲ್ಲಿ ಎರಡು ತುಂಡಾಗ್ಬೇಕು, ಒಂದು ಡೋರ್ ಮೇಲೆ ಒಂದು ಬಾಡಿ ಮೇಲೆ, ನಡುವೆ ಡೋರ್ ಸಂದಿಯಷ್ಟೇ ಗ್ಯಾಪ್. ಇದನ್ನ ನೋಡ್ದೇ ಅಂಟಿಸಿದವರು ಡೋರ್ ತೆಗೆದ ಮೊದಲನೇ ಸಲನೇ ಪೇಂಟ್ ಕಳ್ಕೋತಾರೆ. ಹಾಗೇ ಕೆಳಗಿನ ತುದಿ ಹತ್ರ ಎರಡು ಇಂಚು ಟೇಪ್ ಹಾಕ್ದೇ ಬಿಡಿ, ಮೇಲಿಂದ ಇಳಿದ ನೀರು ಅಲ್ಲಿಂದ ಹೊರಗೆ ಹೋಗ್ಬೇಕು.

ಸ್ಕ್ರೂನೇ ಬೇಕು ಅಂದ್ರೆ ಮುಂದಿನ ಮಡ್‌ಗಾರ್ಡ್‌ಗೆ ಹಾಕಿ, ತೂತಿನ ಅಂಚಿಗೆ ಜಿಂಕ್ ಪ್ರೈಮರ್ ಹಚ್ಚಿ, ಒಣಗಿದ ಮೇಲೆ ಪ್ಲಾಸ್ಟಿಕ್ ಬುಷ್ (ಸ್ಕ್ರೂ ತಗಡಿಗೆ ತಾಗದ ಹಾಗೆ ತೂತಲ್ಲಿ ಕೂರೋ ಸಣ್ಣ ಕೊಳವೆ) ಕೂರ್ಸಿ ಅದರೊಳಗೆ ಸ್ಕ್ರೂ ತಿರುಗಿಸಿ. ಬರೀ ಸ್ಟೇನ್‌ಲೆಸ್ ಸ್ಕ್ರೂ ನೇರ ತಗಡಿಗೆ ತಾಗಿ ಒದ್ದೆ ಆದ್ರೆ ಸ್ಕ್ರೂ ಚೆನ್ನಾಗೇ ಇರುತ್ತೆ, ಸುತ್ತ ಇರೋ ತಗಡು ಬೇಗ ತುಕ್ಕು ಹಿಡಿಯುತ್ತೆ. ಹಿಂದಿನ ಆರ್ಚ್ ಅಂಚಿಗೆ ಸ್ಕ್ರೂ ಬೇಡವೇ ಬೇಡ, ಅದರಲ್ಲಿ ಅಣ್ಣನ ಮಾತೇ ನನ್ನ ಮಾತು.

ಪ್ರಶ್ನೆ ಕೇಳಿದವರು

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಎಲ್ರಿಗೂ ತುಂಬಾ ಥ್ಯಾಂಕ್ಸ್. ಬೆಳಗ್ಗೆ ಗುಳ್ಳೆ ಒತ್ತಿ ನೋಡ್ದೆ, ಒಂದು ಗಟ್ಟಿ ಇದೆ, ಇನ್ನೊಂದು ಸ್ವಲ್ಪ ಒಳಗೆ ಹೋಯ್ತು, ಎದೆ ಧಸಕ್ ಅಂತು. ಟಿಂಕರಿಂಗ್ ಮಾಡೋರ ಹತ್ರ ಹೋಗಿ ಬಂದೆ, ತೂತು ಉಗುರಿನಷ್ಟೇ ಇದೆ, ಈಗ್ಲೇ ಬಂದಿದ್ದು ಒಳ್ಳೇದಾಯ್ತು ಅಂದ್ರು, ಸಣ್ಣ ತೇಪೆ ವೆಲ್ಡ್ ಮಾಡಿ ಒಳಗಡೆಯಿಂದ ಕ್ಯಾವಿಟಿ ವ್ಯಾಕ್ಸ್ (ತುಕ್ಕು ತಡೆಯೋ ಮೇಣ) ಹೊಡೆದು ಕೊಡ್ತಾರಂತೆ. ಮುಂದಿನ ಎರಡು ಮಡ್ ಫ್ಲ್ಯಾಪ್ ಇವತ್ತು ಸಂಜೆ ನಾನೂ ಮಗಳೂ ಸೇರಿ ಹಾಕಿದ್ವಿ, ಒಂದು ತೂತೂ ಮಾಡ್ಲಿಲ್ಲ, ಮೂರು ಕ್ಲಿಪ್ ಮುರೀತು. ಹಿಂದಿನದು ವೆಲ್ಡಿಂಗ್ ಆದ ಮೇಲೆ.

ಒಂದೇ ಡೌಟು. ಹೋದ ವರ್ಷ ಪೂರ್ತಿ ಕಾರಿಗೆ ಸೆರಾಮಿಕ್ ಕೋಟಿಂಗ್ ಮಾಡಿಸಿದ್ದೆ, ಅದರ ಮೇಲೆ ಟೇಪ್ ನಿಲ್ಲುತ್ತಾ?

ಉತ್ತರ 4

ಸರಿಯಾಗಿ ನಿಲ್ಲಲ್ಲ, ಏನೂ ಅಂಟಬಾರ್ದು ಅಂತಾನೇ ಆ ಕೋಟಿಂಗ್ ಮಾಡೋದು. ಟೇಪ್ ಕೂರೋ ಗೆರೆಯಲ್ಲಿ ಮಾತ್ರ ಮಾಸ್ಕಿಂಗ್ ಟೇಪಲ್ಲಿ ಗಡಿ ಹಾಕ್ಕೊಂಡು ಪಾಲಿಶಿಂಗ್ ಕಾಂಪೌಂಡಲ್ಲಿ ಉಜ್ಜಿ ಕೋಟಿಂಗ್ ತೆಗೀರಿ. ನೀರು ಚಿಮುಕ್ಸಿ ನೋಡಿ, ಮುತ್ತಿನ ಥರ ಉರುಳಿದ್ರೆ ಇನ್ನೂ ಇದೆ, ಹಾಳೆ ಥರ ಹರಡಿದ್ರೆ ಹೋಗಿದೆ ಅಂತ. ಆಮೇಲೆ ಆಲ್ಕೋಹಾಲ್.

ಅಂಟಿಸೋ ದಿನ ತಗಡು ತಣ್ಣಗಿರ್ಬಾರ್ದು, 20 ಡಿಗ್ರಿ ಮೇಲಿದ್ರೆ ಒಳ್ಳೇದು, ಚಳಿ ಇದ್ರೆ ಹೇರ್ ಡ್ರೈಯರ್ ಹಿಡೀರಿ. ಈ ಟೇಪ್ ಬಲ ಬರೋದು ಒತ್ತಡದಿಂದ, ಅದಕ್ಕೆ ಇಂಚಿಂಚೂ ಹೆಬ್ಬೆರಳಲ್ಲಿ ಗಟ್ಟಿಯಾಗಿ ಒತ್ತಿ. 20 ನಿಮಿಷಕ್ಕೆ ಸುಮಾರು ಅರ್ಧ ಬಲ ಬರುತ್ತೆ, ಒಂದು ದಿನಕ್ಕೆ ನೂರಕ್ಕೆ 90 ಭಾಗ, ಪೂರ್ತಿ ಆಗೋಕೆ 72 ಗಂಟೆ. ಅಲ್ಲೀವರ್ಗೂ ಕಾರ್ ತೊಳೀಬೇಡಿ, ಆ ಜಲ್ಲಿ ರಸ್ತೆಗೂ ಇಳಿಸ್ಬೇಡಿ.

ಉತ್ತರ 2

ಉಗುರಿನಷ್ಟರಲ್ಲೇ ಸಿಕ್ತಲ್ಲ, ನಂಗೆ ನಿಜವಾಗ್ಲೂ ಖುಷಿ ಆಯ್ತು. ವೆಲ್ಡ್ ಮಾಡೋರಿಗೆ ಒಂದು ಮಾತು ಹೇಳಿ, ಬರೀ ಹೊರಗಿನ ತಗಡು ನೋಡಿದ್ರೆ ಸಾಲದು, ಲೈನರ್ ಬಿಚ್ಚಿ ಒಳಗಿನ ತಗಡನ್ನೂ ತೋರಿಸಿ ಅಂತ. ಮತ್ತೆ ಟ್ರಿಮ್ ಹಾಕಿದ್ಮೇಲೆ ಮಳೆಗಾಲದಲ್ಲಿ ತಿಂಗಳಿಗೊಂದ್ಸಲ ಪೈಪ್ ಹಿಡಿದು ಆರ್ಚ್ ಒಳಗಿಂದ ನೀರು ಬಿಡಿ, ಕೆಳಗಿನ ಗ್ಯಾಪಿಂದ ನೀರು ತಿಳಿಯಾಗಿ ಬರೋವರ್ಗೂ.